ಇಸಿಜಿಯಲ್ಲಿ ಕಾಣದ ನೋವು

ರೇವಪ್ಪ ಸತ್ತಾಗ ಅವನ ಅಂಗಿಯ ಜೇಬಿನಲ್ಲಿ ಗ್ಯಾಸಿನ ಗುಳಿಗೆಗಳಿದ್ದವು. ಅದೇ ದಿನ ಬೆಳಿಗ್ಗೆ ದವಾಖಾನೆಯಲ್ಲಿ ಕೊಟ್ಟವು. ಒಂದನ್ನು ನುಂಗಿದ್ದ, ಮಿಕ್ಕವು ಹಾಗೇ ಉಳಿದಿದ್ದವು. ಅವನ ಹೆಂಡತಿ ಕಮಲಾಬಾಯಿ ಅವನ್ನು ತೆಗೆದಿಡಲಿಲ್ಲ, ಎಸೆಯಲೂ ಇಲ್ಲ. ಅಂಗಿಯ ಜೊತೆಗೆ ಅವೂ ಹೋದವು.

ಇಬ್ಬರೂ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ಮದುವೆಯಾದ ವರ್ಷವೇ ನಾಸಿಕಕ್ಕೆ ಬಂದು, ಕಟ್ಟಡ ಏಳುವ ಕಡೆಯಲ್ಲೆಲ್ಲ ತಗಡಿನ ಶೆಡ್ಡು ಹಾಕಿಕೊಂಡು ಬಾಳಿದವರು. ರೇವಪ್ಪ ಗೌಂಡಿ. ಗೋಡೆಗೆ ಸಿಮೆಂಟು ಮೆತ್ತಿ ಗಿಲಾವು ಮಾಡುವುದರಲ್ಲಿ ಪಳಗಿದವನು. ಮೈಯಲ್ಲಿ ಮಾಂಸವಿಲ್ಲದ, ಆದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಕೈ ಬೀಸಿದರೆ ಮೊಣಕಾಲಿಗೆ ಬಡಿಯುತ್ತವೇನೋ ಎಂಬಷ್ಟು ಉದ್ದ. ಉಳಿದವರು ಅಟ್ಟಣಿಗೆ ಕಟ್ಟಿಕೊಂಡು ಮುಟ್ಟುವ ಕಡೆ ಅವನು ಬಕೆಟ್ಟು ಬೋರಲು ಹಾಕಿ ನಿಂತು ಕರಣೆ ಆಡಿಸುತ್ತಿದ್ದ. ಸೈಟಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವನು ಲಂಬೂ ಮಿಸ್ತ್ರಿ.

ಆ ದಿನ ನಾಸಿಕದ ಪಾಥರ್ಡಿ ಕಡೆಯ ಒಂದು ಕಟ್ಟಡದಲ್ಲಿ ಕೆಲಸಕ್ಕೆ ನಿಂತವನು ಇದ್ದಕ್ಕಿದ್ದಂತೆ ಕರಣೆ ಬಿಟ್ಟು ಗೋಡೆಗೆ ಒರಗಿ ಕುಳಿತ. ಕಲಸಿದ ಸಿಮೆಂಟಿನ ಮಾಲು ಹೊತ್ತು ಬಂದ ಕಮಲಾಬಾಯಿ ಅವನ ಮುಖದ ಬಣ್ಣ ನೋಡಿ ಬುಟ್ಟಿ ಕೆಳಗಿಟ್ಟು ಓಡಿದಳು.

"ಎದಿ ನೋಯ್ಲಾಕತ್ತದೇನು?" ಎಂದು ಕೇಳಿದಳು.

"ಎದ್ಯಾಗ ಶುರು ಆಗಿ ಬೆನ್ನಿಗಿ ಹೋಗ್ಯಾದ. ಒಳಗಿಂದ ಯಾರೋ ಹಿಡ್ದು ಸೀಳಿದಂಗ ಆಗ್ಲಾಕತ್ತದ."

ಆಟೋದಲ್ಲಿ ಹಾಕಿಕೊಂಡು ಹತ್ತಿರದ ದವಾಖಾನೆಗೆ ಒಯ್ದರು. ಅಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ತೆಗೆದರು. ಡಾಕ್ಟರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಹೃದಯ ಚೆನ್ನಾಗಿದೆ, ಹೊಟ್ಟೆಯಲ್ಲಿ ಗ್ಯಾಸ್ ಆಗಿದೆ ಎಂದರು. ಒಂದು ಇಂಜೆಕ್ಷನ್ ಮಾಡಿ, ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಕಮಲಾಬಾಯಿ ದೇವರಿಗೆ ಕೈಮುಗಿದೇ ಅಲ್ಲಿಂದ ಹೊರಬಿದ್ದಳು. ಸಂಜೆ ಅವನು ಚಹಾ ಬೇಕೆಂದ. ಅವಳು ಒಲೆಯ ಕಡೆ ತಿರುಗಿದ್ದಾಗ ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಾರ್ಟ್ ಅಟ್ಯಾಕ್ ಎಂದು ಬರೆದರು. ಹೃದಯ ಚೆನ್ನಾಗಿದೆ ಎಂದು ಬೆಳಿಗ್ಗೆ ಹೇಳಿ ಸಂಜೆ ಹಾರ್ಟ್ ಅಟ್ಯಾಕ್ ಎನ್ನುವುದು ಹೇಗೆ ಎಂದು ಕೇಳಲು ಅವಳಿಗೆ ಗೊತ್ತಾಗಲಿಲ್ಲ. ಯಾರನ್ನು ಕೇಳಬೇಕೆಂದೂ ಗೊತ್ತಾಗಲಿಲ್ಲ. ಊರಿನಲ್ಲಿ ರೇವಪ್ಪನ ಅಣ್ಣನೂ ಹೀಗೆಯೇ, ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಎದ್ದಿರಲಿಲ್ಲ. ಅವರ ಮನೆತನದ ಗಂಡಸರ ಆಯುಷ್ಯವೇ ಇಷ್ಟು ಎಂದು ಮಣ್ಣಿಗೆ ಬಂದವರು ಹೇಳಿದರು. ಅವಳೂ ಹಾಗೆಯೇ ಅಂದುಕೊಂಡಳು. ಹಾಗಂದುಕೊಂಡರೆ ಬದುಕುವುದು ಸ್ವಲ್ಪ ಸಲೀಸಾಗುತ್ತಿತ್ತು.

ಆಮೇಲೆ ಉಳಿದವರು ಅವಳು ಮತ್ತು ಮಗಳು ಅನುರಾಧಾ. ಮಗಳು ನಾಸಿಕದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವಳು. ಅಪ್ಪನ ಹಾಗೆ ಎತ್ತರ, ಅಪ್ಪನ ಹಾಗೆ ಸಣಕಲು. ತಾಯಿಯ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಅರ್ಧ ಮರಾಠಿಯಲ್ಲಿ ಬರುತ್ತಿತ್ತು. ಕಮಲಾಬಾಯಿ ಮಾಲು ಹೊರುವುದನ್ನು ಬಿಟ್ಟು ಹೊಸ ಗೋಡೆಗಳಿಗೆ ಪೈಪಿನಿಂದ ನೀರು ಹೊಡೆಯುವ ಕೆಲಸಕ್ಕೆ ನಿಂತಳು. ಮಗಳ ಮದುವೆಯೂ ಆಯಿತು. ಅಳಿಯ ರವಿಕಾಂತ ಬೀದರ್ ಕಡೆಯವನೇ. ಮೊದಲು ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದ ಹತ್ತಿರ ವಾಳೂಜಿನ ಒಂದು ಕಾರ್ಖಾನೆಯಲ್ಲಿ ನೌಕರಿ. ತಾಯಿ ವಿದ್ಯಾವತಿ ಅವನ ಜೊತೆಗಿದ್ದಳು. ಒಳ್ಳೆಯ ಮನೆ. ಮಗಳು ತಗಡಿನ ಕೆಳಗಿನಿಂದ ಸ್ಲ್ಯಾಬಿನ ಕೆಳಗೆ ಹೋದಳಲ್ಲ ಎಂದು ಕಮಲಾಬಾಯಿಗೆ ಅದೊಂದೇ ಸಮಾಧಾನ.

ಅನುರಾಧಾ ಗರ್ಭಿಣಿಯಾದಳು. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಲು ಕಮಲಾಬಾಯಿ ಹಸಿರು ಸೀರೆ, ಬಳೆ ಗಂಟು ಕಟ್ಟಿಕೊಂಡು ನಾಸಿಕದಿಂದ ಬಸ್ಸು ಹತ್ತಿ ಬಂದಳು. ಓಣಿಯ ಹೆಂಗಸರೆಲ್ಲ ಸೇರಿದರು. ಹೋಳಿಗೆ, ಮೆಣಸಿನಕಾಯಿ ಭಜಿ, ಐದು ಬಗೆಯ ಅನ್ನ. ಮಗಳು ಎಲ್ಲವನ್ನೂ ಆಸೆಪಟ್ಟು ತಿಂದಳು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಕೆ ಕೈಬಿಟ್ಟು ಮಂಚದ ಅಂಚನ್ನು ಹಿಡಿದುಕೊಂಡಳು.

"ಆಯಿ, ಛಾತೀತ್ ದುಖತಂಯ," ಎಂದಳು. ಅಮ್ಮಾ, ಎದೆ ನೋಯುತ್ತಿದೆ ಎಂದು. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಕೈ ಒಯ್ದು ತಡಕಿದಳು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು.

"ನಿನ್ನಿ ಭಜಿ ಭಾಳ್ ತಿಂದಾಳ್ರಿ," ಎಂದಳು ವಿದ್ಯಾವತಿ. ಅವಳ ದನಿಯಲ್ಲಿ ಕೆಡುಕಿರಲಿಲ್ಲ. "ಬಸುರ್ಯಾಗ ಎದಿ ಉರಿತದ. ನನಗೂ ಹಿಂಗೇ ಆಗ್ತಿತ್ತು. ಜೀರಗಿ ನೀರು ಕಾಸ್ತೀನಿ."

ಕಮಲಾಬಾಯಿ ಮಗಳ ಮುಂದೆ ಮೊಣಕಾಲೂರಿ ಕುಳಿತಳು. "ಉರಿಲಾಕತ್ತದೋ, ಇಲ್ಲಾ ಸೀಳಿದಂಗ ಆಗ್ಲಾಕತ್ತದೋ? ಖರೇ ಹೇಳು."

ಮಗಳು ಕಣ್ಣು ಮುಚ್ಚಿಕೊಂಡೇ, "ಫಾಟ್ತಂಯ ಆಯಿ," ಎಂದಳು. ಸೀಳಿದಂತಾಗುತ್ತಿದೆ ಎಂದು.

ಕಮಲಾಬಾಯಿ ಎದ್ದು ನಿಂತಳು. ರವಿಕಾಂತ ಕೆಲಸಕ್ಕೆ ಹೊರಟು ಗಾಡಿ ತೆಗೆಯುತ್ತಿದ್ದ. ಅವಳು ಹೊರಗೆ ಓಡಿ ಹೋಗಿ ಗಾಡಿಯ ಹ್ಯಾಂಡಲ್ ಹಿಡಿದಳು. ಅಳಿಯನ ಮುಂದೆ ಎಂದೂ ತಲೆಯ ಮೇಲಿನ ಸೆರಗು ಜಾರಗೊಡದವಳು ಅವಳು. ಆಗ ಸೆರಗು ಎಲ್ಲಿತ್ತೋ.

"ಆಟೋ ಕರೀರಿ. ಲಗೂನ ಕರೀರಿ."

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ಎಳೆಯ ಡಾಕ್ಟರು ಅನುರಾಧಾಳನ್ನು ನೋಡಿದ. ಅದೇ ತಂತಿಗಳು, ಅದೇ ಗೀಟುಗಳ ಕಾಗದ. ಕಮಲಾಬಾಯಿ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನು ಕಾಗದದಿಂದ ಕಣ್ಣೆತ್ತಿ ನಕ್ಕ.

"ಇಸಿಜಿ ಚೆನ್ನಾಗಿದೆ ಮಾವಶಿ," ಎಂದು ಮರಾಠಿಯಲ್ಲಿ ಹೇಳಿದ. "ಇಷ್ಟು ಚಿಕ್ಕ ವಯಸ್ಸಿನ ಹುಡುಗಿಗೆ ಹೃದಯದ ತೊಂದರೆ ಏನು ಬರುತ್ತದೆ? ಪಿತ್ತ ಆಗಿದೆ. ಔಷಧಿ ಕೊಡ್ತೇನೆ, ಮನೆಗೆ ಕರಕೊಂಡು ಹೋಗಿ."

ವಿದ್ಯಾವತಿ ನಿಟ್ಟುಸಿರು ಬಿಟ್ಟಳು. ರವಿಕಾಂತ ಹೆಂಡತಿಯ ಭುಜಕ್ಕೆ ಕೈಕೊಟ್ಟು ಎಬ್ಬಿಸಲು ಹೋದ. ಕಮಲಾಬಾಯಿ ಮಂಚದ ಕಬ್ಬಿಣವನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ನಾ ಒಯ್ಯಂಗಿಲ್ಲ," ಎಂದಳು.

"ಮಾಮಿ, ಡಾಕ್ಟರ್ ಹೇಳ್ಲಾಕತ್ತಾರಲ್ರಿ."

"ಹೇಳ್ಲಿ. ನಾ ಒಯ್ಯಂಗಿಲ್ಲ."

ಡಾಕ್ಟರು ಬೇರೆ ರೋಗಿಗಳಿದ್ದಾರೆ, ಮಂಚ ಖಾಲಿ ಮಾಡಬೇಕು ಎಂದ. ನರ್ಸು ಬಂದು ಮೆತ್ತಗೆ ಬೆರಳು ಬಿಡಿಸಲು ನೋಡಿದಳು. ಕಮಲಾಬಾಯಿಗೆ ಬರುತ್ತಿದ್ದುದು ಸೈಟಿನ ಮರಾಠಿ. ಸಿಮೆಂಟು, ಮರಳು, ನೀರು, ಹಾಜರಿಗೆ ಸಾಕಾಗುವಷ್ಟು. ಎದೆಯೊಳಗಿನದನ್ನು ಹೇಳಲು ಅದು ಸಾಲಲಿಲ್ಲ. ಅವಳು ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕಲಸಿ ಕೂಗಿದಳು. ಇವಳ ಅಪ್ಪನಿಗೂ ಹೀಗೇ ಆಗಿತ್ತು, ಅವನಿಗೂ ಇದೇ ಕಾಗದ ತೆಗೆದಿದ್ದರು, ಅದೂ ಚೆನ್ನಾಗಿತ್ತು, ಗ್ಯಾಸ್ ಅಂದರು, ಸಂಜೆಗೆ ಅವನು ಸತ್ತ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಾವಲುಗಾರನನ್ನು ಕರೆದರು. ವಿದ್ಯಾವತಿ ನಾಚಿಕೆಯಿಂದ ಮುಖ ತಿರುಗಿಸಿದಳು.

ಆಚೆ ಮಂಚದ ಬಳಿ ಬೇರೊಬ್ಬ ರೋಗಿಯನ್ನು ನೋಡುತ್ತಿದ್ದ ಹಿರಿಯ ಡಾಕ್ಟರು ಈ ಕೂಗು ಕೇಳಿ ಬಂದರು. ಹೆಸರು ಮಧುರಾ. ಅವರು ಕಾವಲುಗಾರನನ್ನು ಕೈಸನ್ನೆಯಲ್ಲೇ ಹಿಂದಕ್ಕೆ ಕಳಿಸಿ, ಕಮಲಾಬಾಯಿಯ ಪಕ್ಕದಲ್ಲಿ ನಿಂತು ನಿಧಾನವಾಗಿ ಮರಾಠಿಯಲ್ಲಿ ಕೇಳಿದರು. "ಇವಳ ಅಪ್ಪ ಸತ್ತಾಗ ವಯಸ್ಸೆಷ್ಟು?"

"ನಲವತ್ತು ತುಂಬಿರಲಿಲ್ರಿ." ರವಿಕಾಂತ ಅವಳ ಮಾತನ್ನು ಮರಾಠಿಗೆ ತಿರುಗಿಸಿ ಹೇಳಿದ.

"ನೋಡಲು ಹೇಗಿದ್ದರು? ಇವಳಂತೆಯೇ ಎತ್ತರವೋ?"

"ಹೌದ್ರಿ. ಅವರ ಅಣ್ಣನೂ ಹಂಗೇ ಇದ್ದ. ಅವನೂ ಹಿಂಗೇ ಹೋದ."

ಡಾಕ್ಟರ್ ಮಧುರಾ ಅನುರಾಧಾಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಉದ್ದನೆಯ ಬೆರಳುಗಳನ್ನು ನೋಡಿದರು. ಒಂದು ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು. ಆಮೇಲೆ ಇನ್ನೊಂದು ತೋಳಿಗೆ. ಎರಡರ ಲೆಕ್ಕವೂ ಒಂದಕ್ಕೊಂದು ಕೂಡಿಬರಲಿಲ್ಲ. ಅವರ ಮುಖದಲ್ಲಿದ್ದ ಸಾವಧಾನ ಅಲ್ಲಿಗೆ ಮುಗಿಯಿತು. ಎಕೋ ಮೆಷಿನ್ ತರಲು ಹೇಳಿದರು.

ಮೆಷಿನ್ನು ಮಂಚದ ಬಳಿಗೇ ಬಂತು. ಹೊಟ್ಟೆಯ ಮಗುವನ್ನು ನೋಡಲು ಸೋನೋಗ್ರಫಿ ಮಾಡುತ್ತಾರಲ್ಲ, ಅಂಥದ್ದೇ. ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ ಡಾಕ್ಟರು ಒತ್ತಿ ಒತ್ತಿ ನೋಡಿದರು. ಪರದೆಯ ಮೇಲೆ ಬೂದುಬಣ್ಣದ ಏನೋ ಬಡಿದುಕೊಳ್ಳುತ್ತಿತ್ತು. ಕಮಲಾಬಾಯಿಗೆ ಏನೂ ತಿಳಿಯಲಿಲ್ಲ. ಆದರೆ ಒಂದು ಕಡೆ ಡಾಕ್ಟರ ಕೈ ನಿಂತಿದ್ದು ನಿಂತೇ ಬಿಟ್ಟಿತು. ಆ ಎಳೆಯ ಡಾಕ್ಟರು ಪರದೆಗೆ ಬಾಗಿ ನೋಡಿದವನು ನೆಟ್ಟಗೆ ನಿಂತ. ಮತ್ತೆ ನಗಲಿಲ್ಲ.

ಮಧುರಾ ಅವರು ಮನೆಯವರನ್ನು ಹತ್ತಿರ ಕರೆದು ಹೇಳಿದರು. ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಪದರಗಳಿರುತ್ತವೆ. ಒಳಗಿನ ಪದರ ಹರಿದು, ರಕ್ತ ಪದರಗಳ ನಡುವೆ ನುಗ್ಗಿದಂತೆ ಕಾಣುತ್ತಿದೆ. ಎಲ್ಲಿಯವರೆಗೆ ಹರಿದಿದೆ ಎಂದು ಈ ಮೆಷಿನ್ನಿನಲ್ಲಿ ಪೂರ್ತಿ ಕಾಣುವುದಿಲ್ಲ. ಸಿಟಿ ಸ್ಕ್ಯಾನ್ ಮಾಡಲೇಬೇಕು, ಈಗಲೇ.

ಕಮಲಾಬಾಯಿಗೆ ಗಿಲಾವಿನ ನೆನಪಾಯಿತು. ಗೋಡೆ ಬಿಟ್ಟ ಗಿಲಾವಿನ ಹಿಂದೆ ನೀರು ಇಳಿದರೆ ಹೊರಗೆ ಏನೂ ಕಾಣುವುದಿಲ್ಲ, ಒಂದು ದಿನ ಇಡೀ ಹಾಳೆಯೇ ಬಿದ್ದುಹೋಗುತ್ತದೆ. ಅಷ್ಟು ಅವಳಿಗೆ ಅರ್ಥವಾಯಿತು.

"ಸ್ಕ್ಯಾನ್ ಅಂದ್ರ ಎಕ್ಸ್‌ರೇನೇ ಅಲ್ರಿ?" ವಿದ್ಯಾವತಿ ಮುಂದೆ ಬಂದಳು. "ಹೊಟ್ಟ್ಯಾಗ ಕೂಸು ಅದ. ಕೂಸಿಗಿ ಏನರ ಆದ್ರ? ನಾ ಒಪ್ಪಂಗಿಲ್ಲ."

ಡಾಕ್ಟರು ಮುಚ್ಚಿಡಲಿಲ್ಲ. ಕಿರಣಗಳು ಸ್ವಲ್ಪ ತಗಲುತ್ತವೆ, ಮಗುವಿಗೆ ಅದರಿಂದ ಆಗುವ ಅಪಾಯ ತೀರ ಕಡಿಮೆ, ಆದರೆ ಸ್ಕ್ಯಾನ್ ಮಾಡದೆ ತಡಮಾಡಿದರೆ ತಾಯಿ ಉಳಿಯುವುದು ಕಷ್ಟ, ತಾಯಿ ಹೋದರೆ ಮಗುವೂ ಹೋಗುತ್ತದೆ ಎಂದರು. ರವಿಕಾಂತನ ಕಡೆ ನೋಡಿದರು. ಅವನು ತನ್ನ ತಾಯಿಯ ಕಡೆ ನೋಡಿದ. ಮಂಚದ ಮೇಲೆ ಅನುರಾಧಾ ಮುಲುಗುವುದನ್ನೂ ನಿಲ್ಲಿಸಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಸೂರು ನೋಡುತ್ತಿದ್ದಳು.

ಕಮಲಾಬಾಯಿ ಬೀಗಿತ್ತಿಯ ಎದುರು ನಿಂತಳು. ತನ್ನ ಬಾಯಿಂದ ಇಂಥ ಮಾತು ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಕೂಸು ನಿಮ್ದು ಅದ್ರಿ ಅಕ್ಕಾ. ಇಕಿ ನಂದು ಕೂಸು. ನನಗ ಮೊದಲ ನನ್ನ ಕೂಸು ಬೇಕು."

ವಿದ್ಯಾವತಿಯ ಮುಖ ಕಪ್ಪಿಟ್ಟಿತು. ಹೊಟ್ಟೆಯಲ್ಲಿರುವ ಜೀವದ ಎದುರು ಒಬ್ಬ ಅಜ್ಜಿ ಹಾಗೆ ಮಾತಾಡಿದ್ದನ್ನು ಅವಳು ಇವತ್ತಿಗೂ ಮರೆತಿಲ್ಲ. ಆಗ ಮಂಚದ ಮೇಲಿಂದ ಅನುರಾಧಾ ಗಂಡನಿಗೆ ಮರಾಠಿಯಲ್ಲಿ, "ಮಾಡಿಸಿಬಿಡಿ, ನನಗೆ ತಡಕೊಳ್ಳಲು ಆಗ್ತಿಲ್ಲ," ಎಂದಳು. ರವಿಕಾಂತ ತಲೆಯಾಡಿಸಿದ.

ಹೊಟ್ಟೆಗೆ ಸೀಸದ ಭಾರದ ಹೊದಿಕೆ ಸುತ್ತಿ ಅವಳನ್ನು ಸ್ಕ್ಯಾನಿನ ಕೋಣೆಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಬೀಗಿತ್ತಿಯರಿಬ್ಬರೂ ಎರಡು ತುದಿಗಳಲ್ಲಿ ಕುಳಿತರು. ಒಳಗಿನಿಂದ ಮೈಕಿನಲ್ಲಿ ಮೆಷಿನ್ ನಡೆಸುವವನ ದನಿ ಕೇಳುತ್ತಿತ್ತು. ಉಸಿರು ಹಿಡಿ. ಬಿಡು. ಕಮಲಾಬಾಯಿ ತಾನೂ ಉಸಿರು ಹಿಡಿದಳು. ಬಿಡು ಎಂದಮೇಲೂ ಬಿಡಲು ಧೈರ್ಯ ಬರಲಿಲ್ಲ. ನಾಸಿಕದಲ್ಲಿ ಆ ದಿನ ಇಂಥದ್ದೊಂದು ಬಾಗಿಲಿನ ಹೊರಗೆ ಕುಳಿತಿದ್ದರೆ ಎಂಬ ಯೋಚನೆ ಬಂತು. ಅದನ್ನು ಮುಂದೆ ಯೋಚಿಸಿದರೆ ಇಲ್ಲೇ ಬಿದ್ದುಹೋಗುತ್ತೇನೆ ಎನಿಸಿ ಗೋಡೆಯನ್ನು ನೋಡುತ್ತ ಕುಳಿತಳು.

ಎಕೋದಲ್ಲಿ ಕಂಡದ್ದು ನಿಜವಾಗಿತ್ತು. ನಾಳ ಹೃದಯದ ಬುಡದಿಂದಲೇ ಹರಿದಿತ್ತು, ಬೆನ್ನಿನ ಕಡೆಗೂ ಇಳಿದಿತ್ತು. ಅದನ್ನು ಹೊಲಿಯುವ ಸರ್ಜನ್ನು ಅಲ್ಲಿರಲಿಲ್ಲ, ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿದ್ದರು. ಚಿತ್ರಗಳು ಫೋನಿನಲ್ಲಿ ಮೊದಲು ಹೋದವು, ಹಿಂದಿನಿಂದ ಆಂಬುಲೆನ್ಸ್ ಹೊರಟಿತು. ಒತ್ತಡ ಏರದಂತೆ ಸಲಾಯಿನಿನಲ್ಲಿ ಔಷಧಿ ಹನಿಯುತ್ತಿತ್ತು. ಮಗಳನ್ನು ಮಾತಾಡಿಸಬೇಡಿ, ಅಳಿಸಬೇಡಿ ಎಂದು ಜೊತೆಗಿದ್ದ ನರ್ಸು ಹೇಳಿದ್ದಳು. ಕಮಲಾಬಾಯಿ ತುಟಿ ಕಚ್ಚಿಕೊಂಡು ಮಗಳ ಪಾದ ಹಿಡಿದು ಕುಳಿತಳು. ಸಿಗ್ನಲ್ಲಿನಲ್ಲಿ ಗಾಡಿಗಳು ದಾರಿ ಬಿಡದಾಗ, ಇಳಿದು ಅವುಗಳ ಮುಂದೆ ಅಡ್ಡ ಬೀಳಲೇ ಎನಿಸಿತು. ಪಾದ ತಣ್ಣಗಾಗುತ್ತಿದೆ ಎನಿಸಿದಾಗಲೆಲ್ಲ ಬೆರಳುಗಳನ್ನು ಒತ್ತುತ್ತಿದ್ದಳು. ಮಗಳು ಬೆರಳು ಅಲ್ಲಾಡಿಸಿ ಉತ್ತರ ಕೊಡುತ್ತಿದ್ದಳು. ದಾರಿಯುದ್ದಕ್ಕೂ ಅವರ ಮಾತು ಅಷ್ಟೇ.

ಸರ್ಜನ್ನರು ಬಾಗಿಲಿನಲ್ಲೇ ಕಾದಿದ್ದರು. ಮೊದಲು ಹೊಟ್ಟೆ ಕೊಯ್ದು ಮಗುವನ್ನು ತೆಗೆಯುತ್ತೇವೆ, ಆಮೇಲೆ ಅದೇ ಟೇಬಲ್ಲಿನ ಮೇಲೆ ಎದೆ ತೆರೆಯುತ್ತೇವೆ ಎಂದರು. ಇಬ್ಬರೂ ಉಳಿಯಬಹುದು, ಒಬ್ಬರು ಉಳಿಯಬಹುದು, ಯಾರೂ ಉಳಿಯದೆಯೂ ಇರಬಹುದು ಎಂದರು. ರಕ್ತ ಬೇಕೆಂದಾಗ ರವಿಕಾಂತನ ಕಾರ್ಖಾನೆಯ ಗೆಳೆಯರು ಶಿಫ್ಟು ಬಿಟ್ಟು ಬಂದು ಸಾಲಾಗಿ ಮಲಗಿದರು. ಕಮಲಾಬಾಯಿಯೂ ತೋಳು ಚಾಚಿದಳು. ಅವಳ ಮೈಯಲ್ಲೇ ರಕ್ತ ಕಡಿಮೆಯಿದೆ ಎಂದು ಹಿಂದಕ್ಕೆ ಕಳಿಸಿದರು.

ಹೆಣ್ಣು ಮಗು. ಹುಟ್ಟಿದಾಗ ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಅವಸರದಿಂದ ದಾಟಿಸಿಕೊಂಡು ಹೋದರು. ವಿದ್ಯಾವತಿ ಅದರ ಹಿಂದೆ ಓಡಿದಳು. ಕಮಲಾಬಾಯಿ ಆಪರೇಷನ್ ಕೋಣೆಯ ಬಾಗಿಲಲ್ಲೇ ಉಳಿದಳು. ಹಗಲು ಕಳೆಯಿತು. ಕಿಟಕಿಯಾಚೆ ಬಿಸಿಲು ಗೋಡೆ ಏರಿ ಹೋಯಿತು. ಅವಳಿಗೆ ಪ್ರಾರ್ಥನೆ ಮಾಡಲೂ ಆಗಲಿಲ್ಲ. ಬಸವಣ್ಣ, ಮೈಲಾರಲಿಂಗ, ತ್ರ್ಯಂಬಕೇಶ್ವರ ಎಂದು ಹೆಸರುಗಳು ಬರುತ್ತಿದ್ದವು, ಬೇಡಿಕೊಳ್ಳಲು ಮಾತು ಬರುತ್ತಿರಲಿಲ್ಲ.

ಅನುರಾಧಾ ಉಳಿದಳು. ನಾಳದ ಹರಿದ ಭಾಗ ತೆಗೆದು ಬಟ್ಟೆಯಂಥ ಕೊಳವೆ ಹೊಲಿದಿದ್ದರು. ಬಹಳ ದಿನ ಕಣ್ಣು ಬಿಡಲಿಲ್ಲ. ಬಿಟ್ಟಮೇಲೆ ಮಾತಾಡಲು ಹೋದರೆ ದನಿ ಬರಲಿಲ್ಲ. ಗಂಟಲಿನ ನರಕ್ಕೆ ಪೆಟ್ಟಾಗಿತ್ತು. ಪಿಸುಮಾತಿನಲ್ಲಿ ಅವಳು ಮೊದಲು ಕೇಳಿದ್ದು ಮಗುವನ್ನು. ಮಗುವೂ ಉಳಿದಿತ್ತು, ಅಂಗೈಯಷ್ಟಾಗಿ, ಮೂಗಿನಲ್ಲಿ ನಳಿಗೆ ಹಾಕಿಸಿಕೊಂಡು. ಆ ಮಗುವಿಗೆ ವಿದ್ಯಾವತಿ ಹಗಲಿಡೀ ಎದೆಯ ಕಾವು ಕೊಟ್ಟು ಕುಳಿತಿರುತ್ತಿದ್ದಳು. ಆದರೆ ಕಮಲಾಬಾಯಿ ಹತ್ತಿರ ಹೋದರೆ ಮುಖ ಆಚೆ ತಿರುಗಿಸುತ್ತಿದ್ದಳು.

ಮಧುರಾ ಅವರು ಒಮ್ಮೆ ನೋಡಲು ಬಂದರು. ಇದು ಮನೆತನದ ರಕ್ತದಲ್ಲೇ ಇಳಿದು ಬರುವ ರೋಗ, ಮೂಳೆ ಉದ್ದ ಬೆಳೆಯುತ್ತದೆ, ನಾಳದ ಗೋಡೆ ದುರ್ಬಲವಾಗಿ ಅಗಲವಾಗುತ್ತ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಮಗುವನ್ನು ವರ್ಷ ವರ್ಷವೂ ಎಕೋ ಮಾಡಿ ನೋಡುತ್ತಿರಬೇಕು ಎಂದರು.

ಕಮಲಾಬಾಯಿ ಅಷ್ಟು ದಿನದಿಂದ ನುಂಗಿಕೊಂಡಿದ್ದನ್ನು ಕೇಳಿದಳು. "ಇಕಿ ಅಪ್ಪಗೂ ಆವತ್ತು ಈ ಮಷೀನ್ನಾಗ ನೋಡಿದ್ರ ಉಳೀತಿದ್ನೇನ್ರಿ?"

ಡಾಕ್ಟರಿಗೆ ಕನ್ನಡ ಬಾರದು, ಪ್ರಶ್ನೆ ಮಾತ್ರ ತಿಳಿಯಿತು. "ಹೇಳಲಾರೆ ಮಾವಶಿ. ಉಳಿಯದೆಯೂ ಇರಬಹುದಿತ್ತು. ಆದರೆ ಏನಾಗಿದೆ ಎಂದು ಗೊತ್ತಾಗುತ್ತಿತ್ತು."

ಕಮಲಾಬಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಗಂಡನಿಗಾಗಿ ಮತ್ತೆ ಅತ್ತಳು. ಆಯುಷ್ಯ ಇಷ್ಟೇ ಎಂದು ಇಷ್ಟು ವರ್ಷ ಹೊದ್ದುಕೊಂಡಿದ್ದ ಸಮಾಧಾನವೂ ಈಗ ಉಳಿಯಲಿಲ್ಲ.

ಅಳು ನಿಂತಮೇಲೆ ಅವಳಿಗೆ ಮಲ್ಲಿನಾಥ ನೆನಪಾದ. ಹೊಲದಲ್ಲಿ ಬಿದ್ದು ಸತ್ತ ಭಾವನ ಮಗ. ನಾಸಿಕದಲ್ಲೇ ಸೆಂಟ್ರಿಂಗ್ ಕೆಲಸ. ಅವನೂ ಎತ್ತರದ ಆಳು. ಎಕೋ ಮಾಡಿಸಿಕೋ ಎಂದು ಫೋನು ಮಾಡಿದರೆ ಅವನು ನಕ್ಕ.

"ಕಾಕೂ, ನಾ ಕಬ್ಬಿಣ ಇದ್ದಂಗ ಇದ್ದೀನಿ. ನನಗೇನಾಗ್ಯಾದ?"

"ನಿಮ್ಮಪ್ಪನೂ ಹಂಗೇ ಅಂತಿದ್ದ."

ಅವನು ಫೋನು ಇಟ್ಟುಬಿಟ್ಟ. ಮರುದಿನ ಕಮಲಾಬಾಯಿ ಬಸ್ಸು ಹತ್ತಿ ನಾಸಿಕಕ್ಕೆ ಹೋದಳು. ಸೈಟಿನಲ್ಲಿ ಹಲಗೆಯ ಮೇಲೆ ನಿಂತವನನ್ನು ಕೆಳಗಿಳಿಸಿ, ಎಲ್ಲರೆದುರು ಬೈದು, ರಟ್ಟೆ ಹಿಡಿದು ಕರೆದೊಯ್ದಳು. ಎಕೋ ಕೋಣೆಯಲ್ಲಿ ಅವನು ಅಂಗಿ ಬಿಚ್ಚಿ ಮಲಗಿದ. ಅವನ ಕಾಲುಗಳು ಮಂಚ ಮೀರಿ ಹೊರಗೆ ಚಾಚಿದ್ದವು. ಪರದೆಯ ಮೇಲೆ ಮತ್ತದೇ ಬೂದು ಬಡಿತ. ಕಮಲಾಬಾಯಿ ಈ ಸಲ ಪರದೆ ನೋಡಲಿಲ್ಲ, ನೋಡುವವನ ಕೈ ಎಲ್ಲಿಯಾದರೂ ನಿಲ್ಲುತ್ತದೆಯೇ ಎಂದು ನೋಡಿದಳು. ಕೈ ನಿಲ್ಲಲಿಲ್ಲ. ನಾಳ ಸರಿಯಾಗಿದೆ, ಅಗಲವಾಗಿಲ್ಲ ಎಂದು ಡಾಕ್ಟರು ಹೇಳಿದರು.

ಹೊರಗೆ ಬಂದಮೇಲೆ ಮಲ್ಲಿನಾಥ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಗೊಣಗಿದ. "ಸುಮ್ಮ ಒಂದು ದಿನದ ಹಾಜರಿ ಹೋಯ್ತು ಕಾಕೂ."

"ಹೋಗ್ಲಿ," ಎಂದಳು ಕಮಲಾಬಾಯಿ. "ಊರಾಗ ನಿನ್ನ ತಮ್ಮ ಅದಾನಲ್ಲ, ಅವನ ನಂಬರ್ ಕೊಡು."